ಅತ್ತೆಯ ಹಗೇವು, ದೊಡ್ಡಪ್ಪನ ನರಿಮುಖ

ಕಾಲೇಜಿನ ಪ್ರಯೋಗಶಾಲೆಯಲ್ಲಿ ಒಂದು ಬೆಳಿಗ್ಗೆ, ಮೊಳಕೆಗೆಂದು ಇಟ್ಟು ಮರೆತಿದ್ದ ಜೋಳದ ಜಾಡಿಯ ಮುಚ್ಚಳ ತೆಗೆದೆ. ಬೆಚ್ಚಗಿನ, ಹುಳಿಯಾದ, ಸ್ವಲ್ಪ ಮತ್ತು ಬರಿಸುವಂಥ ವಾಸನೆ ಮುಖಕ್ಕೆ ಬಡಿಯಿತು. ಪಕ್ಕದವರು ಮೂಗು ಮುಚ್ಚಿಕೊಂಡರು. ನಾನು ಇನ್ನಷ್ಟು ಬಾಗಿದೆ. ಅದು ಹಗೇವಿನ ವಾಸನೆ. ಚಳ್ಳಕೆರೆ ಸೀಮೆಯವರಿಗೆ ವಿವರಿಸಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಗಟ್ಟಿ ನೆಲವನ್ನು ಬಾವಿಯಂತೆ ತೋಡಿ, ಒಳಗೋಡೆಗೆ ಹುಲ್ಲು ಹೊದಿಸಿ, ಜೋಳವನ್ನೋ ನವಣೆಯನ್ನೋ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿದ ನೆಲದೊಳಗಿನ ಕಣಜ ಅದು. ಬಾಯಿ ತೆಗೆದ ದಿನ ಒಳಗಿನ ಉಸಿರುಗಟ್ಟಿಸುವ ಕಾವು ಹೊರಟುಹೋಗುವವರೆಗೆ ಯಾರೂ ಇಳಿಯುವಂತಿಲ್ಲ. ಮೊದಲು ದೀಪ ಇಳಿಬಿಡುತ್ತಿದ್ದರು; ಅದು ನಂದದೆ ಉರಿದರೆ ಆಮೇಲೆ ಮನುಷ್ಯ. ಕತ್ತಲಲ್ಲಿ ಕಾಳುಗಳು ಮೆಲ್ಲಗೆ ಉಸಿರಾಡುತ್ತ ಬಿಟ್ಟುಕೊಟ್ಟ ಆ ಕಾವು ಹೋದ ವರ್ಷದ ಬಿಸಿಲೇ ಎಂದು ಆಗ ನನಗೆ ಯಾರೂ ಹೇಳಿರಲಿಲ್ಲ.

ನಮ್ಮ ಮನೆ ವರವು ಕಾವಲು ಎಂಬ ಹುಲ್ಲುಗಾವಲಿನ ಅಂಚಿನಲ್ಲಿತ್ತು. ಹಿತ್ತಿಲ ಬೇಲಿ ದಾಟಿದರೆ ಕಣ್ಣು ಹರಿಯುವವರೆಗೂ ಹುಲ್ಲು. ಮಳೆಯ ನಂತರ ಹಸಿರು, ದೀಪಾವಳಿಯ ಹೊತ್ತಿಗೆ ಬೆಲ್ಲದ ಬಣ್ಣ. ಮನೆಯ ಯಜಮಾನ ದೊಡ್ಡಪ್ಪ. ಊಟ ಮೊದಲು ಅವನಿಗೆ, ಆಮೇಲೆ ಗಂಡಸರಿಗೆ, ಆಮೇಲೆ ಮಕ್ಕಳಿಗೆ, ಕೊನೆಗೆ ತಳದಲ್ಲಿ ಉಳಿದದ್ದು ಅವ್ವನಿಗೂ ಅತ್ತೆಗೂ. ಇಷ್ಟು ತಿಂದು ದೊಡ್ಡಪ್ಪ ಮಾಡುತ್ತಿದ್ದ ಕೆಲಸವೆಂದರೆ ಜಗಲಿಯ ಮೇಲೆ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಹೊರಳುವುದು. ಅತ್ತೆ ಅವನ ಕೊನೆಯ ತಂಗಿ. ಸಿದ್ದಾಪುರದಲ್ಲಿ ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು, ತನ್ನ ಪಾಲಿಗೆ ಸಿಕ್ಕ ತುಂಡು ಹೊಲದಲ್ಲಿ ತಾನೇ ಕಳೆ ಕಿತ್ತು ಜೋಳ ಬೆಳೆಯುತ್ತಿದ್ದಳು. ಅವಳಿಗೆ ಒಂದೇ ಆಸೆ: ಬೇರೆ ಒಲೆ ಹೂಡಬೇಕು. ಒಂದು ಕೋಣೆ, ತನ್ನದೇ ಕಾಳು, ತನಗೆ ಹಸಿವಾದಾಗ ತನ್ನದೇ ಮುದ್ದೆ. ಒಂದು ವರ್ಷ ತಿನ್ನುವಷ್ಟು ಜೋಳ ಕೂಡಿಟ್ಟು ತೋರಿಸಿದರೆ ಕೋಣೆ ಬಿಟ್ಟುಕೊಡುತ್ತೇನೆಂದು ದೊಡ್ಡಪ್ಪ ನಾಲ್ಕು ಜನರ ಮುಂದೆ ಒಪ್ಪಿದ್ದ. ಆದರೆ ಕಲ್ಲು ಹಾಸಿದ ಅಂಗಳದ ಹಗೇವುಗಳಲ್ಲಿ ಅವಳಿಗೆ ಜಾಗ ಕೊಡಲಿಲ್ಲ. ಅತ್ತೆ ಹಿತ್ತಿಲ ತುದಿಯಲ್ಲಿ, ಕಾವಲಿನ ಮಗ್ಗುಲಲ್ಲೇ, ಸಣ್ಣದೊಂದು ಹಗೇವು ತೋಡಿಸಿಕೊಂಡಳು.

ಆ ವರ್ಷವೇ ದೊಡ್ಡಪ್ಪನಿಗೆ ನರಿಯ ಹುಚ್ಚು ಹಿಡಿದದ್ದು. ಬೆಳಿಗ್ಗೆ ನರಿಯ ಮುಖ ಕಂಡರೆ ಅದೃಷ್ಟ ಎಂಬುದು ನಮ್ಮ ಕಡೆ ಎಲ್ಲರ ನಂಬಿಕೆ. ಚಳ್ಳಕೆರೆಗೆ ಒಂದು ಬದುವಿನ ವ್ಯಾಜ್ಯಕ್ಕೆ ಹೊರಟ ದಿನ ಗಾಡಿಯ ಮುಂದೆ ಗುಳ್ಳೆನರಿಯೊಂದು ಹಾದುಹೋಯಿತು; ಅವನು ವ್ಯಾಜ್ಯ ಗೆದ್ದ. ನರಿ ಕಾಣಲೆಂದು ಇನ್ನು ಕಾಯುವುದೇಕೆ ಎಂದು ದೊಡ್ಡಪ್ಪನ ಬುದ್ಧಿ ಓಡಿತು. ಉರುಲು ಹಾಕಿಸಿ ಒಂದನ್ನು ಹಿಡಿಸಿ ಕೊಲ್ಲಿಸಿದ. ತಲೆಗೆ ಹುಲ್ಲು ತುಂಬಿಸಿ, ಕಣ್ಣಿಗೆ ಗುಲಗಂಜಿ ಕೂರಿಸಿ, ಮಂಚದ ಎದುರಿನ ಗೋಡೆಗೆ ಮೊಳೆ ಹೊಡೆಸಿದ. ದಿನಾ ಎದ್ದ ಕೂಡಲೇ ಅದರ ದರ್ಶನ.

“ಇನ್ನು ಮ್ಯಾಲೆ ನಾನು ಕೈ ಹಾಕಿದ್ದೆಲ್ಲ ಗೆದ್ದಂಗೇ,” ಎಂದ.

ಅತ್ತೆ ಕಸ ಗುಡಿಸುತ್ತಿದ್ದವಳು ತಲೆ ಎತ್ತಲಿಲ್ಲ. “ಅದರ ಮುಖದಾಗೆ ಅಂಥಾ ಅದೃಷ್ಟ ಇದ್ದಿದ್ರೆ ಅದು ಯಾಕಣ್ಣ ಸಾಯ್ತಿತ್ತು? ನೀರಿಗೆ ಹೋದಾಗೆಲ್ಲ ತನ್ನ ಮುಖ ತಾನು ನೋಡ್ಕಂತಿರಲಿಲ್ವಾ?”

“ಮುಂಡೇದೇ, ನಿನಗೇನು ಗೊತ್ತಾಗ್ತೈತೆ, ಗುಡಿಸು.”

ತಳಕು ಊರಿನ ಬೀಗರು ಗೋಡೆ ನೋಡಿ ತಮಗೂ ಒಂದು ಬೇಕೆಂದರು. ಅವರ ಬೀಗರೂ ಕೇಳಿದರು. ದೊಡ್ಡಪ್ಪ ಉದಾರಿಯಾದ, ಕಾವಲಿನ ನರಿಗಳು ಅವನ ಮನೆಯ ಆಸ್ತಿಯೇನೋ ಎಂಬಂತೆ ಹಂಚಿದ. ಅವುಗಳ ಗುದ್ದುಗಳಿಗೆ, ಬಿಲಗಳಿಗೆ ಹೊಗೆ ಹಾಕಿಸಿದ, ಮರಿಗಳನ್ನೂ ಬಿಡಲಿಲ್ಲ. ಸುತ್ತಿನ ಉಳ್ಳವರ ಮನೆಗಳಲ್ಲೆಲ್ಲ ಗುಲಗಂಜಿ ಕಣ್ಣಿನ, ಬಾಯಿ ಸೊಟ್ಟಗಾದ ಅದೃಷ್ಟ ನೇತಾಡತೊಡಗಿತು. ನುಸಿ ಹಿಡಿದು ಕೂದಲು ಉದುರಿದಾಗ ಹೊಸದು ಕೇಳಿದರು. ಆ ಹೊತ್ತಿಗೆ ಕೊಡಲು ನರಿ ಉಳಿದಿರಲಿಲ್ಲ.

ಹುಲ್ಲಿನಲ್ಲಿ ಬಯಲಿಲಿಗಳು ಮಾತ್ರ ಹೆಚ್ಚಿದವು. ಹಗಲು ಗಿಡುಗಗಳು ಸುತ್ತುತ್ತಿದ್ದವು, ಆದರೆ ಬಯಲಿಲಿ ಹೊರಗೆ ಬರುವುದು ಕತ್ತಲಾದ ಮೇಲೆ. ಹಾವು ಕಂಡರೆ ಹೊಡೆಯುವುದು ನಮ್ಮಲ್ಲಿ ಮೊದಲಿಂದ ಇದ್ದದ್ದೇ. ಕಾವಲಿನ ನೆಲ ಜರಡಿಯಾಯಿತು. ಬೇರು ಕಡಿದ ಹುಲ್ಲು ಹಿಡಿ ಹಿಡಿಯಾಗಿ ಕೈಗೆ ಬರುತ್ತಿತ್ತು. ಹುಲ್ಲು ತೆಳುವಾದಂತೆ ಅವು ಬೇಲಿ ದಾಟಿದವು. ಅಂಗಳದ ಕಲ್ಲುಹಾಸಿನ ಕೆಳಗೆ ಹೋಗಲಾರದೆ ಹಿತ್ತಿಲ ತುದಿಯ ಮೆತ್ತನೆಯ ಮಣ್ಣನ್ನು ಹುಡುಕಿಕೊಂಡವು.

ಅತ್ತೆ ತನ್ನ ಹಗೇವು ತೆಗೆಸಿದ ದಿನ ದೊಡ್ಡಪ್ಪ ಒಪ್ಪಂದದ ಪ್ರಕಾರ ನೋಡಲು ಬಂದು ನಿಂತಿದ್ದ. ಚಪ್ಪಡಿ ಸರಿಸಿದಾಗ ಕಾವು ಬರಲಿಲ್ಲ. ಹುಳಿ ವಾಸನೆಯೂ ಬರಲಿಲ್ಲ. ಇಲಿಯ ಉಚ್ಚೆಯ ಘಾಟು ಬಂತು. ಇಳಿಬಿಟ್ಟ ದೀಪ ಮೊದಲ ಸಲಕ್ಕೇ ನಿಚ್ಚಳವಾಗಿ ಉರಿಯಿತು, ಏಕೆಂದರೆ ಗೋಡೆಯ ತುಂಬ ಬಿಲಗಳು, ಗಾಳಿ ಆಡುತ್ತಿತ್ತು. ತಳದಲ್ಲಿ ಹೊಟ್ಟು, ಹಿಕ್ಕೆ, ಒಂದಿಷ್ಟು ಅರ್ಧ ಕಡಿದ ಕಾಳು.

“ನೋಡಿದ್ಯಾ,” ಎಂದ ದೊಡ್ಡಪ್ಪ, “ನಿನ್ನ ಹಣೆಬರಕ್ಕೆ ನೆಲದಾಗೆ ಇಟ್ಟಿದ್ದೂ ನಿಲ್ಲಾಕಿಲ್ಲ. ನಡಿ, ಹೊತ್ತಾತು, ಮುದ್ದೆಗೆ ಎಸರಿಡು.”

ಅತ್ತೆ ದೀಪವನ್ನು ಮೇಲಕ್ಕೆಳೆದು, ಎಣ್ಣೆ ಉಳಿಯಲೆಂದು ಆರಿಸಿದಳು. ಒಳಗೆ ಹೋಗಿ ಎಸರಿಟ್ಟಳು. ಬೇರೆ ಒಲೆಯ ಮಾತನ್ನು ಮತ್ತೆ ಎತ್ತಲಿಲ್ಲ. ಸಾಯುವವರೆಗೂ ಅದೇ ಒಲೆಯ ಮುಂದೆ, ಕೊನೆಯ ತುತ್ತಿನ ಸರದಿಯಲ್ಲೇ ಇದ್ದಳು.

ಮುಂದೆ ಓದಲು ಹೋದಾಗ ಮೇಷ್ಟ್ರು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದರು: ಬಿಸಿಲನ್ನು ಹುಲ್ಲು ಹಿಡಿಯುತ್ತದೆ, ಹುಲ್ಲನ್ನು ಇಲಿ, ಇಲಿಯನ್ನು ನರಿ. ಪ್ರತಿ ಮೆಟ್ಟಿಲಲ್ಲೂ ತಿಂದದ್ದರ ಬಹುಪಾಲು ಬದುಕುವುದಕ್ಕೇ ಖರ್ಚಾಗಿ ಶಾಖವಾಗಿ ಹೋಗುತ್ತದೆ. ಮೇಲಿನವರಿಗೆ ದಾಟುವುದು ಅಲ್ಪ. ಅದಕ್ಕೇ ಹುಲ್ಲು ಅಪಾರ, ನರಿ ವಿರಳ. ಆ ವಿರಳವೇ ಕೆಳಗಿನವನ್ನು ಅಳತೆಯಲ್ಲಿಡುತ್ತದೆ. ಇದು ನೇರವಾದ ಸರಪಣಿಯೂ ಅಲ್ಲ, ಬಲೆ; ಇಲಿ ಜೋಳಕ್ಕೂ ಬರುತ್ತದೆ, ನರಿ ಮಿಡತೆಯನ್ನೂ ಬೋರೆಹಣ್ಣನ್ನೂ ತಿನ್ನುತ್ತದೆ. ಎಲ್ಲಕ್ಕಿಂತ ಮೇಲೆ ಮನುಷ್ಯನನ್ನು ಬರೆದಾಗ ನನಗೆ ಕಂಡದ್ದು ಜಗಲಿಯ ಮೇಲೆ ಹೊರಳುತ್ತಿದ್ದ ಒಂದು ದೇಹ. ನರಿ ತಾನು ತಿಂದ ಅನ್ನಕ್ಕೆ ಕೆಲಸ ಮಾಡುತ್ತಿತ್ತು. ಎಲ್ಲರ ಬಿಸಿಲನ್ನೂ ತಿಂದು ದೊಡ್ಡಪ್ಪ ಬರೀ ಬಿಸಿಯಾಗುತ್ತಿದ್ದ.

ಈಗ ಅವನೂ ಇಲ್ಲ. ಮಕ್ಕಳು ಪಾಲಾಗಿ ತೊಲೆಗಳನ್ನೂ ಕಳಚಿಕೊಂಡು ಹೋದರು. ನರಿಮುಖವನ್ನು ಯಾರೂ ಕೇಳಲಿಲ್ಲವಂತೆ. ಹೋದ ಬೇಸಿಗೆಯಲ್ಲಿ ಹೋಗಿ ನೋಡಿದೆ. ಮಂಚವಿದ್ದ ಕಡೆ ಎಕ್ಕದ ಗಿಡ. ಅಂಗಳದ ಹಗೇವುಗಳು ಮಣ್ಣು ತುಂಬಿ ಮುಚ್ಚಿಹೋಗಿದ್ದವು. ಹಿತ್ತಿಲ ತುದಿಯದು ಮಾತ್ರ ತೆರೆದಿತ್ತು, ಒಂದು ಬದಿ ಕುಸಿದು ಇಳಿಜಾರಾಗಿತ್ತು. ಬಾಯಲ್ಲಿ ಹೊಸದಾಗಿ ಕೆದರಿದ ಮಣ್ಣು, ಇಲಿಯ ಕೂದಲು, ಸಣ್ಣ ಸಣ್ಣ ಮೂಳೆ, ಅದಕ್ಕಿಂತ ಸಣ್ಣ ಹೆಜ್ಜೆಗಳು. ಬಿಸಿಲು ಇಳಿಯುವವರೆಗೂ ದೂರದಲ್ಲಿ ಕೂತೆ. ತಾಯಿನರಿ ಮುಖ ಹೊರಗಿಟ್ಟು ನನ್ನನ್ನು ನೋಡಿತು, ಅವಸರವಿಲ್ಲದೆ ಒಳಗೆ ಹೋಯಿತು. ಆಮೇಲೆ ಮರಿಗಳ ಕುಂಯ್‌ಗುಟ್ಟುವ ಸದ್ದು ನೆಲದೊಳಗಿಂದ ಕೇಳಿಸಿತು. ಅತ್ತೆಯ ಹಗೇವಿನಲ್ಲಿ ಮತ್ತೆ ಕಾವು ಇತ್ತು.