ತಂಗಿ ಹೋಗದ ಪ್ರವಾಸ

ನಮಗೆ ಅಣ್ಣತಮ್ಮಂದಿರಿಲ್ಲ. ಅವ್ವ, ಅಪ್ಪ ತೀರಿಹೋದ ಮೇಲೆ ತವರು ಅಂತ ನನಗೆ ಉಳಿದದ್ದು ತಂಗಿ ಒಬ್ಬಳೇ. ಅವಳು ವಿಜಯಪುರದ ಒಂದು ಖಾಸಗಿ ದವಾಖಾನೆಯಲ್ಲಿ ನರ್ಸ್. ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ ಬಾಡಿಗೆ ಖೋಲಿ ಹಿಡಿದಿದ್ದಾಳೆ. ನನ್ನನ್ನು ಟಿಕೋಟಾಕ್ಕೆ ಕೊಟ್ಟರು. ಗಂಡನ ದ್ರಾಕ್ಷಿ ತೋಟದಲ್ಲಿ ದುಡಿಯುತ್ತೇನೆ, ಸುಗ್ಗಿಯಲ್ಲಿ ಬೇರೆಯವರ ಶೆಡ್ಡಿಗೆ ಹೋಗಿ ಒಣದ್ರಾಕ್ಷಿ ಆರಿಸುತ್ತೇನೆ. ಐದನೇ ಇಯತ್ತೆಗೇ ನನ್ನ ಸಾಲಿ ಬಿಡಿಸಿದ್ದರು. ತಂಗಿ ಆಗ ಕೂಸು, ಅವಳನ್ನು ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕಿತ್ತು. ಮುಂದೆ ಅವಳು ಓದಿದಳು, ಪಗಾರ ತಂದಳು. ಆ ಪಗಾರದಲ್ಲಿ ನನಗೂ ಒಂದು ಪಾಲಿದೆ ಅಂತ ನಾನು ತಿಳಿದುಕೊಂಡೆ. ಯಾರ ಮುಂದೆಯೂ ಹಾಗೆ ಅನ್ನಲಿಲ್ಲ. ನಡೆದುಕೊಂಡದ್ದು ಮಾತ್ರ ಹಾಗೆಯೇ.

ನಮ್ಮ ಕಡೆ ಮನೆಯಲ್ಲಿ ಏನೇ ಶುಭಕಾರ್ಯವಾದರೂ ತವರಿನವರು ಆಯೇರಿ ತರಬೇಕು. ಸೀರೆ, ಕುಪ್ಪಸದ ಖಣ, ಪಾತ್ರೆ, ಕೈಲಾದರೆ ಬಂಗಾರ, ಎಲ್ಲವನ್ನೂ ಮಂದಿಯ ಎದುರಿಗೆ ಕೊಡಬೇಕು. ಮುಂದೆ ಅವರ ಮನೆಯಲ್ಲಿ ಕಾರ್ಯವಾದಾಗ ಅದನ್ನೇ ಮುಯ್ಯಿ ಅಂತ ತಿರುಗಿಸುತ್ತಾರೆ. ಆಯೇರಿ ತರದ ತವರು ಇದ್ದೂ ಇಲ್ಲದ ಹಾಗೆ. ನನ್ನ ಮಗನ ಕೂದಲು ತೆಗೆಸುವ ಜವಳಕ್ಕೆ ತಂಗಿ ತಂದಳು. ಮನೆಯ ಮೇಲೆ ಎರಡು ಖೋಲಿ ಕಟ್ಟಿಸಿದಾಗ ತಂದಳು. ಮಗಳು ದೊಡ್ಡವಳಾದಾಗಲೂ ತಂದಳು. ಪ್ರತಿ ಸಲ ನಾನು, "ನಿನ್ನ ಲಗ್ನದಾಗ ಎಲ್ಲಾ ಕೂಡಿ ಹಾಕ್ತೀನಿ ತಗೊ," ಅನ್ನುತ್ತಿದ್ದೆ. ಅವಳು ಲಗ್ನವಾಗುವುದಿಲ್ಲ ಅಂತ ಗೊತ್ತಾದ ಮೇಲೂ ಅಂದಿದ್ದೇನೆ.

ಅದನ್ನು ನನಗೆ ಹೇಳಿದವಳು ಅವಳೇ. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ, ಅವಳು ಪಕ್ಕದಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ಅಕ್ಕಾ, ನನಗ ಗಂಡು ನೋಡೂದು ಬಿಟ್ಟಬಿಡು."

"ಯಾಕಬೇ?"

"ನಾ ಆಕೀ ಜೋಡೀನ ಇರಾಕಿ."

ಆಕೆ ಅಂದರೆ ಖೋಲಿಯಲ್ಲಿ ಇವಳ ಜೊತೆಗಿದ್ದ ಗೆಳತಿ. ಬಬಲೇಶ್ವರದವಳು, ಗಾಂಧಿ ಚೌಕದ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸ.

"ಈಗೂ ಆಕೀ ಜೋಡೀನ ಇದ್ದೀಯಲ್ಲ. ಲಗ್ನ ಆದ್ರ ಗೆಳತಿ ಎಲ್ಲಿ ಓಡಿ ಹೋಕ್ಕಾಳ?"

"ಗೆಳತೇರಂಗ ಅಲ್ಲಬೇ. ನೀ ಮತ್ತ ಮಾವ ಇದ್ದಂಗ."

ಮಾವ ಅಂದರೆ ನನ್ನ ಗಂಡ. ಹಂಚಿನ ಮೇಲಿನ ರೊಟ್ಟಿ ಹೊತ್ತಿ ಹೊಗೆ ಎದ್ದಿತು. ತೆಗೆದು ದನಕ್ಕೆಂದು ಬದಿಗಿಟ್ಟೆ. "ಯಾರ ಮುಂದೂ ಅನಬ್ಯಾಡ," ಅಂದೆ. ಅಷ್ಟೇ ಅಂದದ್ದು. ಅಕ್ಕ ಒಪ್ಪಿಕೊಂಡಳು ಅಂತ ಅವಳು ತಿಳಿದಳು. ನನ್ನ ಹೆಗಲಿಗೆ ತಲೆಯಿಟ್ಟು ಬಹಳ ಹೊತ್ತು ಅತ್ತಳು. ನಾನು ಹಿಟ್ಟಿನ ಕೈಯಲ್ಲೇ ಅವಳ ಬೆನ್ನು ಸವರಿದೆ.

ಅವತ್ತಿನಿಂದ ನಾನು ಏನು ಕೇಳಿದರೂ ಅವಳು ಇಲ್ಲ ಅನ್ನುವುದು ನಿಂತುಹೋಯಿತು. ನಾನು ಒಮ್ಮೆಯೂ ಹೆದರಿಸಲಿಲ್ಲ. ಹೆದರಿಸುವ ಪ್ರಸಂಗ ಬರಲಿಲ್ಲ. ನಮ್ಮ ಮಂದಿಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ, ಗೊತ್ತಿದ್ದೂ ಊಟಕ್ಕೆ ಕರೆಯುತ್ತಿದ್ದವಳೂ ನಾನೊಬ್ಬಳೇ. ನನ್ನನ್ನು ಕಳೆದುಕೊಳ್ಳುವ ಅಂಜಿಕೆ ಅವಳಿಗಿತ್ತು. ಅದು ನನಗೆ ಗೊತ್ತಿತ್ತು. ಮಗನ ಫೀ, ಬೋರಿನ ಮೋಟಾರು, ಅತ್ತೆಯ ಹಲ್ಲು, ಎಲ್ಲಕ್ಕೂ ಅವಳಿಗೇ ಫೋನ್ ಹಚ್ಚುತ್ತಿದ್ದೆ.

ವರ್ಷಕ್ಕೊಮ್ಮೆ ಅವರಿಬ್ಬರೂ ನಾಲ್ಕು ದಿನ ಎಲ್ಲಿಗಾದರೂ ಹೋಗಿಬರುತ್ತಿದ್ದರು. ಒಂದು ಸಲ ಮಹಾಬಳೇಶ್ವರ, ಒಂದು ಸಲ ಗೋವಾ, ಆಮೇಲೆ ಮೈಸೂರು. ಹೊಳೆಯುವ ಕಲ್ಲಿನ ನೆಲದ ದೊಡ್ಡ ದೊಡ್ಡ ಹೋಟೆಲಿನಲ್ಲಿ ಇಳಿದ ಫೋಟೋ ಮೊಬೈಲಿಗೆ ಬರುತ್ತಿದ್ದವು. ನನ್ನ ಅತ್ತೆ ಕನ್ನಡಕ ಏರಿಸಿ ನೋಡಿ, "ಎರಡು ಪಗಾರ. ತೊಟ್ಲಿಲ್ಲ, ಬಟ್ಲಿಲ್ಲ. ತಿರಗಲಾರದ ಏನ್ಮಾಡ್ತಾರವ್ವಾ?" ಅನ್ನುತ್ತಿದ್ದಳು. ನಾನೂ ಕೂಡಿ ನಗುತ್ತಿದ್ದೆ. "ಯಾವುದರ ಮಠದಾಗ ಮಲಗಿದ್ರ ಆಗತಿರಲಿಲ್ಲೇನ ಮಹಾರಾಣೇರಿಗೆ? ಅದ ರೊಕ್ಕದಾಗ ನಮ್ಮ ಮನಿಗಿ ಒಂದು ಫ್ರಿಜ್ ಬರ್ತಿತ್ತು," ಅಂತ ತಂಗಿಗೇ ಫೋನಿನಲ್ಲಿ ಅಂದಿದ್ದೇನೆ. ಮುಂದಿನ ದೀಪಾವಳಿಗೆ ಫ್ರಿಜ್ಜು ಬಂತು.

ಅವರ ಖೋಲಿಯಲ್ಲಿ ಏನಿತ್ತು ಅಂತ ನಾನು ಯೋಚಿಸಲಿಲ್ಲ. ಹೋದಾಗಲೆಲ್ಲ ನೋಡಿದ್ದೆ. ಟಿವಿ ಇಲ್ಲ, ಕಪಾಟು ಇಲ್ಲ, ಒಂದೇ ಫ್ಯಾನು. ಬೆಳಿಗ್ಗೆ ಮಾಡಿದ ಪಲ್ಲೆಯೇ ರಾತ್ರಿಗೂ. ಗೆಳತಿ ಇಡೀ ದಿನ ಮಂದಿಗೆ ರೇಷ್ಮೆ ಸೀರೆ ಬಿಚ್ಚಿ ತೋರಿಸುವವಳು, ಅವಳ ಮೈಮೇಲೆ ಬಣ್ಣ ಹೋದ ಚೂಡಿದಾರ. ಮೇಲಿನ ಮನೆಯ ಮಾಲಕಿ ಮೆಟ್ಟಿಲ ಮೇಲೆ ಕೂತು, ಯಾರು ಬಂದರು, ಎಷ್ಟು ಹೊತ್ತಿಗೆ ದೀಪ ಆರಿತು ಅಂತ ನೋಡುತ್ತಿರುತ್ತಿದ್ದಳು. ಊರಲ್ಲಿ ಅವರು ಒಂದೇ ರಿಕ್ಷಾದಲ್ಲಿ ಕೂತು ಹೋಗಲೂ ಅಂಜುತ್ತಿದ್ದರು. ವರ್ಷವೆಲ್ಲ ಹಾಗೆ ಬದುಕಿ ನಾಲ್ಕು ದಿನ ಕೈಹಿಡಿದು ನಡೆಯುತ್ತಿದ್ದರು. ನಮ್ಮ ಕಣ್ಣಿಗೆ ಬಿದ್ದದ್ದು ಆ ನಾಲ್ಕು ದಿನ ಮಾತ್ರ.

ನನ್ನ ಮಗಳಿಗೆ ಕಳ್ಳಕವಟಗಿಯ ಸಂಬಂಧ ಬಂತು. ನಿಶ್ಚಯದ ದಿನವೇ ನಾನು ಬೀಗ್ತಿಯ ಮುಂದೆ ಬಾಯಿಬಿಟ್ಟಿದ್ದೆ. "ನಮ್ಮ ತಂಗಿ ನೌಕರದಾಕಿ ಅದಾಳ್ರಿ. ಮಗಳ ಕೊಳ್ಳಾಗ ಬಂಗಾರದ ಸರಾ ಹಾಕ್ತಾಳ." ತಂಗಿಯನ್ನು ಕೇಳಿರಲಿಲ್ಲ.

ಅದೇ ವಾರ ತಂಗಿ ಟಿಕೋಟಾಕ್ಕೆ ಬಂದಳು. ನಾವಿಬ್ಬರೂ ತೋಟದ ಬದುವಿನ ಮೇಲೆ ಕೂತೆವು.

"ಅಕ್ಕಾ, ಈ ಸಲ ದೂರ ಹೊಂಟೀವಿ. ಮನಾಲಿಗೆ. ಅಡ್ವಾನ್ಸ್ ಕೊಟ್ಟೀವಿ."

"ಅಲ್ಲೇನೈತಿ ಅಷ್ಟು ದೂರ?"

"ಬರ್ಫ ಐತಿ." ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. "ಆಕೀಗೆ ಊರಾಗ ಗಂಡು ಹುಡುಕ್ಯಾರ. ಹೆಂಡ್ತಿ ಸತ್ತಾಂವ, ಎರಡು ಮಕ್ಕಳದಾವ. ತಿರುಗಿ ಬಂದು ಹೇಳ್ತೀನಿ ಅಂದಾಳ. ಬರೂ ಮುಂದ ಪುಣೆದಾಗ ಇಳಿಯೂದೈತಿ. ಅಲ್ಲಿ ಒಂದು ದವಾಖಾನ್ಯಾಗ ನನಗ ಕರದಾರ. ಜಾಗಾ ಚೊಲೊ ಇದ್ರ..."

ಪುಣೆಯಲ್ಲಿ ಇಳಿದವರು ಮತ್ತೆ ಈ ಕಡೆ ಬರುವುದಿಲ್ಲ ಅಂತ ನನಗೆ ತಿಳಿಯಿತು. ಹೊರಡುವ ತಾರೀಖು ಕೇಳಿದೆ. ಹೇಳಿದಳು.

ಮರುದಿನ ಬೀಗ್ತಿಯ ಫೋನ್ ಬಂತು. "ಅಯ್ಯನವರು ಎರಡು ಮುಹೂರ್ತ ತಗದಾರ್ರಿ. ಒಂದು ಈ ತಿಂಗಳ ಕಡೀಕ, ಇನ್ನೊಂದು ಮುಂದಿನ ತಿಂಗಳ. ನಮಗ ಯಾವುದಾದ್ರೂ ನಡೀತೈತಿ. ನಿಮ್ಮ ತವರಿನವರಿಗೆ ಯಾವುದು ಅನುಕೂಲ ಕೇಳಿ ಹೇಳ್ರಿ."

ಮೊದಲಿನದು ತಂಗಿಯ ಪ್ರವಾಸದ ನಟ್ಟನಡುವೆ ಬರುತ್ತಿತ್ತು. ಎರಡನೆಯದು ಅವಳು ತಿರುಗಿ ಬಂದ ಮೇಲೆ. ನಾನು ಯಾರನ್ನೂ ಕೇಳಲಿಲ್ಲ. "ಮೊದಲಿಂದ ಹಿಡೀರಿ, ನಮ್ಮ ತಂಗಿಗಿ ಅದ ಅನುಕೂಲ," ಅಂದೆ.

ಯಾಕೆ ಹಾಗೆ ಅಂದೆ ಅಂತ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಸರದ ಆಸೆ ಇತ್ತು, ಇಲ್ಲ ಅನ್ನುವುದಿಲ್ಲ. ಪುಣೆಗೆ ಹೋದರೆ ನನ್ನ ತವರೇ ಹೋದಂತೆ ಅನ್ನುವ ಭಯವೂ ಇತ್ತು. ಇದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಅವರು ಒಬ್ಬರಿಗೊಬ್ಬರು ಖರ್ಚು ಮಾಡುವುದನ್ನು ನೋಡಿದರೆ ನನ್ನ ಮಕ್ಕಳ ತಟ್ಟೆಯಿಂದ ಕಸಿದ ಹಾಗೆ ಅನಿಸುತ್ತಿತ್ತು. ನಾನು ನನ್ನ ಗಂಡನಿಗೆ ಅಂಗಿ ತಂದರೆ ಅದು ಸಂಸಾರ. ತಂಗಿ ತನ್ನವಳನ್ನು ಬರ್ಫ ತೋರಿಸಲು ಕರೆದುಕೊಂಡು ಹೋದರೆ ಅದು ಚೈನಿ. ನನ್ನ ತಲೆಯಲ್ಲಿದ್ದ ಲೆಕ್ಕ ಇದು.

ಸಂಜೆ ತಂಗಿಗೆ ಫೋನ್ ಮಾಡಿದೆ.

"ಮುಂದ ಹಾಕಾಕ ಬರೂದಿಲ್ಲೇನ ಅಕ್ಕಾ? ಹದಿನೈದು ದಿನ?"

"ನನ್ನ ಕೈಯಾಗ ಏನೈತಿ? ಗಂಡಿನವರು ಹೇಳಿದ್ದ ಒಂದ ಮುಹೂರ್ತ. ತವರಿನವರ ಇಲ್ಲಂದ್ರ ನನ್ನ ಮಾರಿ ಎಲ್ಲಿಡ್ಲಿ?"

"ಆತು ಬಿಡು," ಅಂದಳು.

ಮದುವೆಗೆ ಇಬ್ಬರೂ ಬಂದರು. ಗೆಳತಿ ಹಿಂದಿನ ದಿನದಿಂದಲೇ ಸೆರಗು ಸಿಕ್ಕಿಸಿ ದುಡಿದಳು. ಹೂವು ಕಟ್ಟಿದಳು, ನನ್ನ ಮಗಳಿಗೆ ಸೀರೆ ಉಡಿಸಿದಳು. ಅಷ್ಟು ಚೆಂದ ನಿರಿಗೆ ಹಿಡಿಯುವವರನ್ನು ನಾನು ನೋಡಿರಲಿಲ್ಲ. ಆಯೇರಿಯ ಹೊತ್ತಿಗೆ ಹಿರಿಯರೊಬ್ಬರು ಕೂಗಿದರು, "ತವರಿನವರು ಬರ್ರಿ, ತವರಿನವರು!" ಕಂಬಳಿಯ ಮೇಲೆ ಕೂಡಲು ತಂಗಿ ಎದ್ದಳು. ಅವಳ ಜೊತೆ ಗೆಳತಿಯೂ ತಾಟು ಹಿಡಿದು ಎದ್ದಳು. ತಾಟಿನಲ್ಲಿ ಸೀರೆ, ಅದರ ಮೇಲೆ ಸರದ ಡಬ್ಬಿ.

ನಾನು ಅಡ್ಡ ಬಂದೆ. "ನೀ ಅಲ್ಲೇ ನಿಂದ್ರವ್ವಾ. ಮನ್ಯಾವರಷ್ಟ ಕೂಡೂದು."

"ಇಬ್ರೂ ಕೂಡಿ ತಂದೀವ್ರಿ ಅಕ್ಕಾರ," ಅಂದಳು. ಬಹಳ ಸಣ್ಣ ದನಿ.

"ಇರಲೇಳವಾ."

ತಾಟು ತಂಗಿಯ ಕೈಗೆ ಕೊಟ್ಟು ಆಕೆ ಹಿಂದೆ ಸರಿದಳು. ತಂಗಿ ಕಂಬಳಿಯ ಮೇಲೆ ಒಬ್ಬಳೇ ಕೂತಳು. ಪಕ್ಕದ ಜಾಗ ಖಾಲಿಯೇ ಇತ್ತು. ಯಾರೋ ಮುದುಕಿ, "ಮುಂದಿನ ವರ್ಷ ಜೋಡೀ ಕೂಡ್ತಾಳ ತಗೋರಿ," ಅಂದಳು, ಮಂದಿ ನಕ್ಕರು. ನಾನು ಗೆಳತಿಯ ಕಡೆ ನೋಡಲಿಲ್ಲ.

ಪ್ರವಾಸದ ಅಡ್ವಾನ್ಸ್ ತಿರುಗಿ ಬರಲಿಲ್ಲ. ಪುಣೆಯ ದವಾಖಾನೆಯವರು ಕರೆದ ದಿನವೂ ದಾಟಿಹೋಯಿತು. ಮಿಕ್ಕದ್ದು ಸರಕ್ಕೆ ಹೋಗಿತ್ತು. ಬಬಲೇಶ್ವರದವರು ಕಾಯಲಿಲ್ಲ. ಸ್ವಲ್ಪ ದಿನದಲ್ಲೇ ಆಕೆಯ ಅಣ್ಣ ಖೋಲಿಗೆ ಬಂದು, ಅವ್ವನಿಗೆ ಆರಾಮಿಲ್ಲ ಅಂತ ಹೇಳಿ ಕರೆದುಕೊಂಡು ಹೋದ. ಅವ್ವ ಆರಾಮಾಗಿಯೇ ಇದ್ದಳು. ಅಲ್ಲಿ ನಡೆದಿದ್ದದ್ದು ಆಕೆಯ ಲಗ್ನದ ತಯಾರಿ.

"ಅಕ್ಕಾ, ನನ್ನ ಜೋಡಿ ಬಬಲೇಶ್ವರಕ ಬರ್ತೀಯೇನ? ಒಬ್ಬಾಕಿಗೇ ಆಗೂದಿಲ್ಲ," ಅಂತ ತಂಗಿ ಕೇಳಿದಳು. ತೋಟದಲ್ಲಿ ಬಳ್ಳಿ ಸವರುವ ಚಾಟ್ನಿ ಕೆಲಸ ನಡೆದಿದೆ, ಆಳು ಸಿಗುವುದಿಲ್ಲ ಅಂದೆ. ಆಳು ಸಿಗುತ್ತಿದ್ದರು. ಅವಳು ಒಬ್ಬಳೇ ಹೋಗಿ, ಅಕ್ಷತೆ ಹಾಕಿ, ಆಯೇರಿ ಕೊಟ್ಟು ಬಂದಳು. ಮರುದಿನ ಡ್ಯೂಟಿಗೆ ಹೋದಳು. ಪುಣೆಯ ಮಾತು ಮತ್ತೆ ತೆಗೆಯಲಿಲ್ಲ. ಎಲ್ಲಿಗೂ ಹೋಗಲೂ ಇಲ್ಲ. ಈಗ ಅವಳ ಕೈಯಲ್ಲಿ ರೊಕ್ಕ ಉಳಿಯುತ್ತದೆ. ಕೇಳದಿದ್ದರೂ ನಮಗೆ ಕಳಿಸುತ್ತಾಳೆ.

ಹೋದ ವರ್ಷ ನನ್ನ ಕಣ್ಣು ಮಂಜಾಯಿತು. ತಂಗಿ ರಜೆ ಹಾಕಿ ಮಿರಜಿಗೆ ಕರೆದುಕೊಂಡು ಹೋದಳು. ಎರಡು ದಿನದ ತಪಾಸಣೆ. ದವಾಖಾನೆಯ ಎದುರಿಗೇ ಒಂದು ಸಣ್ಣ ಲಾಡ್ಜು. ಕೌಂಟರಿನವನು ನಮ್ಮನ್ನು ನೋಡಿ, ನನ್ನ ತಾಳಿ ನೋಡಿ, "ಅಕ್ಕ ತಂಗೇರೇನ್ರಿ?" ಅಂದ. ಹೌದು ಅಂದೆ. ಗುರುತಿನ ಚೀಟಿ ತೆಗೆದುಕೊಂಡು ಚಾವಿ ಕೊಟ್ಟುಬಿಟ್ಟ.

ಖೋಲಿಗೆ ಬಂದು ತಂಗಿ ಮಂಚದ ಮೇಲೆ ಕೂತಳು. ಗೋಡೆ ನೋಡಿದಳು, ಹರಿದ ಪರದೆ ನೋಡಿದಳು. "ಎಷ್ಟು ಸೋವಿ ಆತು ನೋಡಬೇ," ಅಂದಳು.

"ಇಂಥಲ್ಲೇ ಇಳೀಬೇಕಿತ್ತು ನೀವೂ," ಅಂತ ನನ್ನ ಬಾಯಿಂದ ಬಂದುಬಿಟ್ಟಿತು.

"ಇಳದಿದ್ವಿ. ಮೊದಲನೇ ಸಲ. ಸಂಗಾಟ ಗಂಡಸರು ಯಾರೂ ಇಲ್ಲೇನು ಅಂದ್ರು. ಆಮ್ಯಾಲ ಒಬ್ಬಾಂವ ಘಳಿಗಿಗೊಮ್ಮೆ ಬಂದು ಬಾಗಿಲಾ ಬಡ್ಯಾಕತ್ತಿದ. ನೀರು ಬೇಕೇನು, ಟಾವೆಲ್ ಬೇಕೇನು. ಆಕಿ ಮಂಚದ ಮೂಲ್ಯಾಗ ಕುಂತು ಬೆಳಗ ಮಾಡಿದ್ಲು. ದೊಡ್ಡ ಹೋಟೆಲ್‍ನ್ಯಾಗ ಯಾರೂ ಏನೂ ಕೇಳೂದಿಲ್ಲ ಅಕ್ಕಾ. ಅದಕ್ಕ ಅಷ್ಟು ಕೊಡತಿದ್ವಿ. ಊಟ ಬಿಟ್ಟರ ಬಿಟ್ವಿ."

ನನಗೆ ತಡೆಯಲಾಗಲಿಲ್ಲ. ಎರಡು ಮುಹೂರ್ತ ಇದ್ದದ್ದನ್ನು, ಮೊದಲಿನದನ್ನು ಹಿಡಿದವಳು ನಾನೇ ಅನ್ನುವುದನ್ನು ಹೇಳಿಬಿಟ್ಟೆ. ಅವಳು ಚೀಲದಿಂದ ಔಷಧದ ಬಾಟಲಿ ತೆಗೆಯುತ್ತಿದ್ದಳು.

"ಗೊತ್ತೈತಿ."

"ಯಾವಾಗಿಂದ?"

"ಲಗ್ನದ ದಿನಾ ಮುಂಜಾನೇನ. ಎರಡು ಮುಹೂರ್ತದಾಗ ನಿಮಗ ಅನುಕೂಲ ಅಂತ ಈ ತಾರೀಖ ಹಿಡದೀವ್ರಿ ಅಂತ ಬೀಗ್ತಿ ನನಗ ಹೇಳಿದ್ರು. ಆಕೀನೂ ಅಲ್ಲೇ ನಿಂತಿದ್ಲು. ಇಬ್ರೂ ಕೇಳಿದ್ವಿ."

ಹಾಗಾದರೆ ಗೊತ್ತಿದ್ದೂ ಆ ತಾಟು ಹಿಡಿದಿದ್ದರು. ಗೊತ್ತಿದ್ದೂ ನನ್ನ ಮಗಳ ನಿರಿಗೆ ಸರಿಮಾಡಿದ್ದರು.

"ಮತ್ತ ನನ್ನ ಮನಿಗಿ ಯಾಕ ಬಂದಿ ಇಷ್ಟು ದಿನ?"

ತಂಗಿ ಬಾಟಲಿಯ ಮುಚ್ಚಳ ತಿರುವುತ್ತ ಕೂತಳು. ಕೆಳಗೆ ರಸ್ತೆಯಲ್ಲಿ ಯಾರೋ ಬಾಳೆಹಣ್ಣು ಮಾರುತ್ತಿದ್ದರು. "ಎಲ್ಲಿ ಹೋಗ್ಲಿ ಅಕ್ಕಾ?" ಅಂದಳು. "ಆಕಿ ಹೋದ್ಲು. ನಿನ್ನೂ ಬಿಟ್ಟರ ನನಗ ಯಾರದಾರ?"

ನಾನು ಅವಳ ಕೈ ಹಿಡಿಯಲು ಹೋದೆ. ಅವಳು ಕೈ ಬಿಡಿಸಿಕೊಂಡು, ನನ್ನ ಗದ್ದ ಹಿಡಿದು ಮುಖ ಮೇಲಕ್ಕೆತ್ತಿದಳು. ದವಾಖಾನೆಯಲ್ಲಿ ದಿನಾ ಗುರುತಿಲ್ಲದವರಿಗೆ ಮಾಡುವ ಹಾಗೆ ಬೆರಳಿಂದ ರೆಪ್ಪೆ ಬಿಡಿಸಿ, ಒಂದೊಂದೇ ಹನಿ ಬಿಟ್ಟಳು.

"ಅಳಬ್ಯಾಡ. ಔಷಧ ಹೊರಗ ಬರ್ತೈತಿ."

ಬರುತ್ತಲೇ ಇತ್ತು. ಅವಳು ಹತ್ತಿಯಿಂದ ಒರೆಸಿದಳು, ಮತ್ತೆ ಹನಿ ಬಿಟ್ಟಳು, ಮತ್ತೆ ಒರೆಸಿದಳು.