ಎಡಗಾಲಿಗೊಂದು, ಬಲಗಾಲಿಗೊಂದು ವಿಳಾಸ

ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಢಾಲುಗಳನ್ನು ಅಕ್ಕ ಚರ್ಮದ ಹಾಳೆ ಸುರುಳಿಯಾಗದಂತೆ ಮೇಲೆ ಹೇರಲು ಬಳಸುತ್ತಾಳೆ. ಅವುಗಳಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ಇದೆಯೆಂದು ವಾದಿಸಲು ನನ್ನಿಂದಲೂ ಆಗಿಲ್ಲ.

ಅಥಣಿಯ ನಮ್ಮ ಮನೆಯ ಪಡಸಾಲೆಯೇ ಕಾರ್ಖಾನೆ. ಅಕ್ಕ ಮತ್ತು ಓಣಿಯ ಹೆಂಗಸರು ಅಲ್ಲಿ ಕೂತು ಚಪ್ಪಲಿ ಮಾಡುತ್ತಾರೆ. ತಲೆಮಾರುಗಳಿಂದ ನಮ್ಮ ಚಪ್ಪಲಿ ವ್ಯಾಪಾರಿಗಳ ಕೈಗೆ ಹೋಗಿ, ಅವರ ಮುದ್ರೆ ಹೊತ್ತು, ಕೊಲ್ಹಾಪುರದ್ದೆಂದು ಮಾರಾಟವಾಗುತ್ತಿತ್ತು. ಹೋದ ವರ್ಷ ಅಕ್ಕ ಗಟ್ಟಿಮನಸ್ಸು ಮಾಡಿದಳು. ಇನ್ನು ಮೇಲೆ ಹಿಮ್ಮಡಿ ಊರುವ ಜಾಗದಲ್ಲಿ ನಮ್ಮದೇ ವೆಬ್‌ಸೈಟಿನ ವಿಳಾಸ ಒತ್ತಬೇಕು. ಯಾರು ಕೊಂಡರೂ ಮಾಡಿದವರ ಮನೆ ಅವರಿಗೆ ಗೊತ್ತಾಗಬೇಕು. ಒತ್ತಲು ಹಿತ್ತಾಳೆಯ ಅಚ್ಚು ಬೇಕು. ಅಚ್ಚು ಕೊರೆಯುವವನು ಸಂಜೆಯೊಳಗೆ ವಿಳಾಸ ಹೇಳಿ ಎಂದಿದ್ದ. ಕೊರೆದ ಮೇಲೆ ತಿದ್ದಲಾಗದು. ಚರ್ಮಕ್ಕೆ ಒತ್ತಿದ ಮೇಲಂತೂ ಚಪ್ಪಲಿ ಸವೆಯುವ ತನಕ ಅದೇ ಗತಿ.

ತೊಡಕೆಂದರೆ, ವಿಳಾಸ ಎರಡಿದ್ದವು. ವೆಬ್‌ಸೈಟ್ ಮಾಡಿಕೊಟ್ಟ ನಿಪ್ಪಾಣಿಯ ತರುಣ ಕಂಪ್ಯೂಟರಿಗೆ ಒಂದು ವಿಳಾಸ ಇಟ್ಟಿದ್ದ. ಮೊಬೈಲಿಗೆ ಅದರ ಮುಂದೆ ‘ಎಂ’ ಅಕ್ಷರವೂ ಒಂದು ಚುಕ್ಕೆಯೂ ಸೇರಿದ ಇನ್ನೊಂದು. ಅವತ್ತು ಅವನು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಚರ್ಮದ ತುಣುಕುಗಳ ನಡುವೆ ಕೂತಿದ್ದ.

“ಎಂ ಇದ್ದದ್ದನ್ನ ಒತ್ತ್ರಿ ಅಕ್ಕಾ. ಈಗ ಕಂಪ್ಯೂಟರ್ ಯಾರ ನೋಡ್ತಾರ? ನಮ್ಮ ಕಡೆ ನೆಟ್‌ವರ್ಕ್ ಹೆಂಗೈತಿ ಗೊತ್ತಲ್ಲ. ಎಂ ಅಂದ್ರ ಹಗುರ ಪೇಜು, ಲಗೂನ ತೆರೀತೈತಿ.”

ಮಾತಿನಲ್ಲಿ ಹುರುಳಿತ್ತು. ಎದುರಾಳಿಯ ಗಟ್ಟಿ ಮಾತನ್ನು ಮೊದಲು ಒಪ್ಪಿಕೋ, ಆಮೇಲೆ ಹೊಡಿ ಎಂದು ನಮಗೆ ಕಲಿಸಿದ್ದರು.

“ಪೇಜು ಹಗುರ ಇರ್ಲಿ,” ಎಂದೆ. “ಅದಕ್ಕ ಬ್ಯಾರೆ ವಿಳಾಸ ಯಾಕ ಬೇಕು? ವಿಳಾಸ ಒಂದ ಇರ್ಲಿ. ಪರದೆ ಸಣ್ಣದೋ ದೊಡ್ಡದೋ ನೋಡ್ಕೊಂಡು ಪೇಜು ತಾನ ಹೊಂದ್ಕೊಳ್ಳಲಿ.”

“ಅಂದ್ರ ನಾ ಎಲ್ಲಾ ಮೊದಲಿಂದ ಮಾಡಬೇಕು?”

“ಅದು ನಿಮ್ಮ ತ್ರಾಸ್ ಆತು. ವಾದ ಆಗಲಿಲ್ಲ.”

“ಬಾಯಿ ನೋಡ ಇದರದು,” ಎಂದಳು ಆಯಿ. ಆಯಿ ಎಂದರೆ ನಮ್ಮ ಅಜ್ಜಿ. ಚಪ್ಪಲಿ ಪಟ್ಟಿಯ ಮೇಲೆ ಚರ್ಮದ ಜಡೆ ಹೆಣೆಯುವುದರಲ್ಲಿ ಅವಳನ್ನು ಮೀರಿಸುವವರು ಓಣಿಯಲ್ಲಿಲ್ಲ. “ಸುಮ್ಮ ಕೂಡ ಬೇ. ಒಂದ ಜೋಡಿಗೆ ಚಪ್ಪಲಿ ಎಷ್ಟು? ಎರಡು. ವಿಳಾಸ ಎಷ್ಟು? ಎರಡು. ಎಡಗಾಲಿಗೆ ಕಂಪ್ಯೂಟರಿಂದು, ಬಲಗಾಲಿಗೆ ಮೊಬೈಲಿಂದು ಒತ್ತ್ರಿ. ಮುಗೀತಲ್ಲ ಜಗಳಾ!”

ಹೆಂಗಸರೆಲ್ಲ ನಕ್ಕರು. ನಗದವನು ಒಬ್ಬನೇ. “ಬರೋಬ್ಬರಿ ಹೇಳಿದ್ರಿ ಆಯಿ!” ಎಂದ ಆ ತರುಣ. ಎರಡು ಅಚ್ಚು ಮಾಡಿಸಿದರಾಯಿತು ಎಂದು ಅಕ್ಕನೂ ಫೋನ್ ಕೈಗೆತ್ತಿಕೊಂಡಳು.

ಎದುರಾಳಿಯ ವಾದಕ್ಕೆ ನಾನು ಎಂದೂ ಹೆದರಿಲ್ಲ. ಹೆದರುವುದು, ಎರಡೂ ಕಡೆಯವರು ಚಪ್ಪಾಳೆ ತಟ್ಟುವ ರಾಜಿಗೆ.

“ಒಂದ ನಿಮಿಷ ತಡಿ ಅಕ್ಕಾ,” ಎಂದು, ಬಲಗಾಲಿಗೆ ಬರಬೇಕಿದ್ದ ಮೊಬೈಲ್ ವಿಳಾಸವನ್ನು ಅವನ ಲ್ಯಾಪ್‌ಟಾಪಿನಲ್ಲೇ ತೆರೆಸಿದೆ. ಅಗಲ ಪರದೆಯ ತುಂಬ ಬರೀ ಬಿಳುಪು. ನಡುವೆ ಬಾರಿನಷ್ಟು ಕಿರಿದಾದ ಪಟ್ಟಿಯಲ್ಲಿ ನಮ್ಮ ಚಪ್ಪಲಿ. ಎಡಗಾಲಿನದನ್ನು ಅಕ್ಕನ ಮೊಬೈಲಿನಲ್ಲಿ ತೆರೆದೆ. ಅಕ್ಷರಗಳು ಸಾಸಿವೆಗಿಂತ ಸಣ್ಣ. ಬೆರಳಿನಿಂದ ಹಿಗ್ಗಿಸಿದರೆ ಚಪ್ಪಲಿ ಪರದೆಯಾಚೆ ಓಡುತ್ತಿತ್ತು.

“ಕೊಂಡವರು ಮತ್ತೊಬ್ಬರಿಗೆ ಲಿಂಕ್ ಕಳಸ್ತಾರ,” ಎಂದೆ. “ಮೊಬೈಲಿಂದ ಹ್ವಾದದ್ದನ್ನ ಬೆಳಗಾವಿ ಅಂಗಡ್ಯಾವ ಕಂಪ್ಯೂಟರ್‌ದಾಗ ತೆರೀತಾನ. ಅದು ಯಾವ ಕಾಲಿಂದು ಅಂತ ಅವಗೇನ ಗೊತ್ತು? ಇದನ್ನ ನೋಡಿ ಅವ ಚಪ್ಪಲಿ ತರಸ್ತಾನೋ, ನಗ್ತಾನೋ?”

ಆಯಿ ಕನ್ನಡಕ ಏರಿಸಿ ಎರಡೂ ಪರದೆ ನೋಡಿದಳು. ಅವಳು ಹೆಣೆದ ಜಡೆ ಒಂದರಲ್ಲೂ ನೆಟ್ಟಗೆ ಕಾಣುತ್ತಿರಲಿಲ್ಲ.

“ಎರಡ ಕಾಲು ಎರಡ ದಾರಿ ಹಿಡದ್ರ ಮನಶ್ಯಾ ಊರ ಮುಟ್ಟೂದಿಲ್ಲ,” ಎಂದಳು. “ನಾ ಅಂದದ್ದು ಬಿಡ್ರಿ. ಒಂದ ಮಾಡ್ರಿ.”

ತನ್ನ ಮಾತನ್ನು ತಾನೇ ಅಷ್ಟು ಸಲೀಸಾಗಿ ಹಿಂತೆಗೆದುಕೊಂಡವರನ್ನು ನಾನು ಯಾವ ವೇದಿಕೆಯಲ್ಲೂ ಕಂಡಿಲ್ಲ. ನನ್ನನ್ನೂ ಸೇರಿಸಿ.

ಅಕ್ಕ ಅಚ್ಚಿನವನಿಗೆ ‘ಎಂ’ ಇಲ್ಲದ ವಿಳಾಸ ಹೇಳಿ, ಫೋನ್ ಕೆಳಗಿಟ್ಟು, ತರುಣನತ್ತ ತಿರುಗಿದಳು. “ಅಚ್ಚು ಬರೂದ್ರಾಗ ನಿಮ್ಮ ಕೆಲಸಾ ಮುಗೀಬೇಕ್ರಿ.” ಗೊಣಗುತ್ತ ಹೋದವನು ಚೊಕ್ಕಟವಾಗಿ ಮಾಡಿ ತಂದ. ಹಳೆಯ ‘ಎಂ’ ವಿಳಾಸ ಹಾಕಿದವರೂ ತಾವಾಗಿ ಹೊಸ ಪೇಜಿಗೇ ಬಂದು ಸೇರುವಂತೆ ಮಾಡಿದ್ದ; ಅದನ್ನು ನಾನು ಕೇಳಿರಲೂ ಇಲ್ಲ.

ಮೊದಲ ಮುದ್ರೆಗೆ ಸುತ್ತಿಗೆ ಹಾಕಿದವಳು ಆಯಿ. ಒಂದೇ ಏಟು. ಅಕ್ಷರಗಳು ಚರ್ಮದಲ್ಲಿ ನೆಟ್ಟಗೆ ಮೂಡಿದವು.

ಮೊನ್ನೆ ರಾಯಬಾಗದಿಂದ ಚಿಕ್ಕೋಡಿಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಹಿರಿಯರೊಬ್ಬರು ಚಪ್ಪಲಿ ಬಿಟ್ಟು ಕಾಲು ಮಡಚಿ ಕೂತಿದ್ದರು. ನನ್ನ ನೋಟ ಕೆಳಗೇ ಇತ್ತು.

“ಏನ್ರೀ, ನಮ್ಮ ಚಪ್ಪಲಿ ಮ್ಯಾಲ ಕಣ್ಣ ಬಿದ್ದೈತೇನು?”

“ನಮ್ಮ ಮನ್ಯಾಗ ಮಾಡಿದ್ದರಿ ಅದು. ಅಥಣ್ಯಾಗ.”

“ಹೋಗ್ರಿ. ಇದು ಕೊಲ್ಹಾಪುರದ್ದು.”

ಇಂಥ ಎದುರಾಳಿಗಾಗಿಯೇ ನಾನು ಕಾಯುತ್ತಿದ್ದೆ! ಸವೆದಿದ್ದರೂ ಓದಲು ಬರುತ್ತಿದ್ದ ಆ ವಿಳಾಸವನ್ನು ಅವರ ಮೊಬೈಲಿನಲ್ಲೇ ಹಾಕಿಸಿದೆ. ಪೇಜು ಅಂಗೈಗೆ ಹೊಂದಿಕೊಂಡು ತೆರೆಯಿತು. ಆಯಿಯ ಮುಖ, ಅವಳ ಬೆರಳು, ಅರ್ಧ ಹೆಣೆದ ಜಡೆ, ಕೆಳಗೆ ಊರಿನ ಹೆಸರು. ಅವರು ಪರದೆಯ ಜಡೆಯನ್ನೂ ಚಪ್ಪಲಿಯ ಜಡೆಯನ್ನೂ ತಾಳೆ ನೋಡಿದರು.

“ಅಥಣೀದ ಹೌದು ನೋಡ್ರಿ... ಮನ್ಯಾಗ ಮಗಳ ಕಂಪ್ಯೂಟರ್ ಐತಿ. ಅದರಾಗ ಬ್ಯಾರೆ ಏನರ ಹಾಕಬೇಕೇನು?”

“ಇದನ್ನ ಹಾಕ್ರಿ. ಎರಡೂ ಕಾಲಿಗೂ ಇದ ಐತಿ.”

ಮನುಷ್ಯ ನಂಬಲಿಲ್ಲ. ಬಗ್ಗಿ ಇನ್ನೊಂದು ಚಪ್ಪಲಿಯನ್ನೂ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಒಂದೊಂದೇ ಅಕ್ಷರ ಓದತೊಡಗಿದರು.