ಡ್ರಿಲ್ ಮೇಷ್ಟ್ರ ಕೆಂಪು ಕೆನ್ನೆ
ನಮ್ಮ ಔಷಧಿ ಅಂಗಡಿಗೆ ನಿವೃತ್ತ ಡ್ರಿಲ್ ಮೇಷ್ಟ್ರು ಬಂದರೆಂದರೆ ಸನ್‌ಸ್ಕ್ರೀನ್ ಟ್ಯೂಬುಗಳೆಲ್ಲ ಸಾಲಾಗಿ ನಿಂತು ಹಾಜರಿ ಹೇಳಬೇಕು. ರೊಸೇಶಿಯಾ ಎಂಬ ಚರ್ಮದ ಕಾಯಿಲೆಯಿಂದ ಅವರ ಕೆನ್ನೆ, ಮೂಗು ಸದಾ ಕೆಂಪು. ಬಿಸಿಲು ತಾಗಿದರೆ ಕೆಂಡ. "ಸುವಾಸನೆ ಇದೆಯಾ? ನಡಿ ಆಚೆ! ಆಲ್ಕೋಹಾಲಾ? ಥೂ, ಕುಡುಕ!" ಎಂದು ಒಂದೊಂದನ್ನೇ ಫೇಲು ಮಾಡುತ್ತಾರೆ. ಜಿಂಕ್ ಆಕ್ಸೈಡಿನದು ಮಾತ್ರ ಪಾಸು. ಅದಕ್ಕೂ ಕಿವಿಯ ಹಿಂದೆ ಮೂರು ದಿನದ ಪರೀಕ್ಷೆ, ಉರಿದರೆ ಡಿಬಾರು. ಹೀಗೆ ಹನ್ನೊಂದು ಟ್ಯೂಬು ಮಣ್ಣು ಮುಕ್ಕಿವೆ. "ಮೇಷ್ಟ್ರೇ, ಈ ವಯಸ್ಸಲ್ಲಿ ಯಾರಿಗೆ ತೋರಿಸೋಕೆ ಈ ಅಂದ?" ಎಂದು ಮೊನ್ನೆ ಕಾಲೆಳೆದೆ. ಹನ್ನೆರಡನೆಯದನ್ನು ಬೆಳಕಿಗೆ ಹಿಡಿದು ಓದುತ್ತಲೇ ಅಂದರು: "ಮಧ್ಯಾಹ್ನ ಮೊಮ್ಮಗಳನ್ನ ಶಾಲೆಯಿಂದ ಕರ್ಕೊಂಡು ಬರೋದು ನಾನೇ ಕಣಯ್ಯಾ. ಗೇಟಲ್ಲಿ ನನ್ನ ಕೆಂಪು ಮುಖ ನೋಡಿದ ಕೂಡಲೇ, 'ತಾತಾ, ನಾನೇನು ತಪ್ಪು ಮಾಡ್ದೆ?' ಅಂತಾಳೆ."